ಇಲ್ಲದ ಪುಸ್ತಕಕ್ಕೆ ಇಪ್ಪತ್ತೇಳು ರೈಟು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಅತ್ತಿಗೆ ದೇವತೆಯೇನಲ್ಲ. ಇಪ್ಪತ್ತು ವರ್ಷ ಅವರ ಸ್ಕೂಟರಿನ ಹಿಂದೆ ಕೂತು ಕೆಲಸಕ್ಕೆ ಹೋದವನು ನಾನು, ದಾರಿಯುದ್ದಕ್ಕೂ ಬೈಸಿಕೊಂಡವನೂ ನಾನೇ. ಅಣ್ಣನಿಗೆ ಗಡಿಯಾರ ರಿಪೇರಿ ಕೆಲಸ, ಮಾತು ಕಡಿಮೆ. ಹಾಗಾಗಿ ಆ ಮನೆಗೆ ಬಂದ ಮಾತಿನ ಪಾಲೆಲ್ಲ ಅತ್ತಿಗೆಯದೇ. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅವರು ಮೂರನೇ ಮಹಡಿಯ ಯಜಮಾನಿ, ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಈ ಕೆಲಸ ಕೊಡಿಸಿದ್ದೂ ಅವರೇ. ಅದನ್ನು ವಾರಕ್ಕೊಮ್ಮೆಯಾದರೂ ನೆನಪು ಮಾಡುತ್ತಾರೆ.

ಮೂವತ್ತೊಂದು ವರ್ಷದಲ್ಲಿ ಅವರ ಮಹಡಿಯಿಂದ ಒಂದೇ ಒಂದು ಪುಸ್ತಕ ಕಳೆದಿಲ್ಲ. ಉಳಿದ ಮಹಡಿಗಳಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಹೋಗುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಓದಲು ಬರುವವರು ಬೆನ್ನ ಹಿಂದೆ ಅವರನ್ನು ಹದ್ದಕ್ಕ ಅನ್ನುತ್ತಾರೆ, ಎದುರಿಗೆ ಬರೀ ಅಕ್ಕ. ಒಮ್ಮೆ ಒಬ್ಬ ಅಂಗಿಯೊಳಗೆ ಪುಸ್ತಕ ತುರುಕಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಅತ್ತಿಗೆ ಅವನ ನಡಿಗೆ ನೋಡಿಯೇ, "ಹೊಟ್ಟೆನೋವಾ ಮಗನೇ? ಹೊರಗೆ ತೆಗಿ, ಈಗಲೇ ವಾಸಿಯಾಗುತ್ತೆ" ಅಂದರು. ತೆಗೆದ. ವಾಸಿಯಾಯಿತು.

ಇಂಥವರು ನಿವೃತ್ತಿಗೆ ಒಂದು ತಿಂಗಳಿದ್ದಾಗ ಸಿಕ್ಕಿಹಾಕಿಕೊಂಡ ಕತೆ ಇದು. ಸಿಕ್ಕಿಹಾಕಿಸಿದ್ದು ಯಂತ್ರ.

ಹೋದ ವರ್ಷ ಲೈಬ್ರರಿಗೆ ಹೊಸ ಸಹಾಯಕ ಬಂದ. ಮನುಷ್ಯ ಅಲ್ಲ, ಕೃತಕ ಬುದ್ಧಿಮತ್ತೆ. ಬಾಗಿಲ ಹತ್ತಿರ ಆಳೆತ್ತರದ ಒಂದು ಪರದೆ ನಿಲ್ಲಿಸಿದರು, ಫೋನಿನಲ್ಲೂ ಸಿಗುತ್ತದೆ. ಇಂಥ ವಿಷಯಕ್ಕೆ ಯಾವ ಪುಸ್ತಕ ಇದೆ, ಯಾವ ಕಪಾಟಿನಲ್ಲಿದೆ, ಒಳಗೆ ಏನಿದೆ ಅಂತ ಕೇಳಿದರೆ ಸಾಕು, ಬಾಯಿ ಮುಚ್ಚುವುದರೊಳಗೆ ಉತ್ತರ. ನಾನು ಅದಕ್ಕೆ ಮಾತಿನಮಲ್ಲ ಅಂತ ಹೆಸರಿಟ್ಟೆ, ಇಡೀ ಲೈಬ್ರರಿ ಹಾಗೇ ಕರೆಯಿತು. ಸುಳ್ಳು ಯಾಕೆ ಹೇಳಲಿ, ಕೆಲಸಕ್ಕೆ ಬರುತ್ತೆ. ನೀಲಿ ರಟ್ಟಿನ ಪುಸ್ತಕ, ಏನೋ ನದಿ ಅಂತಿತ್ತು ಅಂದವನಿಗೂ ಹುಡುಕಿಕೊಟ್ಟಿದೆ. ಆದರೆ 'ಗೊತ್ತಿಲ್ಲ' ಅನ್ನುವ ಮಾತನ್ನು ಅದಕ್ಕೆ ಯಾರೂ ಸರಿಯಾಗಿ ಕಲಿಸಿದ ಹಾಗಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಆಗಾಗ ಇಲ್ಲದ ಪುಸ್ತಕದ ಹೆಸರನ್ನೂ ಹೇಳಿಬಿಡುತ್ತಿತ್ತು. ಜನ ಅದನ್ನು ಚೀಟಿಯಲ್ಲಿ ಬರೆದುಕೊಂಡು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದರು. ಅತ್ತಿಗೆ ಆ ಚೀಟಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟು, ಮೇಲೆ 'ಇನ್ನೂ ಹುಟ್ಟದವು' ಅಂತ ಬರೆದು ಅಂಟಿಸಿದ್ದರು.

"ಒಳ್ಳೇ ಹುಡುಗನೇ ಕಣಯ್ಯ" ಅನ್ನುತ್ತಿದ್ದರು ಮಾತಿನಮಲ್ಲನ ಬಗ್ಗೆ. "ಒಂದೇ ದೋಷ. ಮೆಟ್ಟಿಲು ಹತ್ತಿ ಬಂದು ನೋಡಲ್ಲ."

ಆ ತಿಂಗಳ ಮೊದಲ ವಾರ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಹಗ್ಗ ಹೊಸೆಯುವವರ ಬಗ್ಗೆ ಎರಡೂವರೆ ವರ್ಷದಿಂದ ಥೀಸಿಸ್ ಬರೆಯುತ್ತಿದ್ದಳು. ಅವಳ ಅಜ್ಜಿ ಹಗ್ಗ ಹೊಸೆದೇ ಮಕ್ಕಳನ್ನು ಸಾಕಿದವರಂತೆ. ಈ ಹುಡುಗಿ ಬರೀ ಕೇಳಿ ಬರೆದುಕೊಂಡವಳಲ್ಲ, ಹೊಸೆಯುವವರ ಜೊತೆ ಕೂತು ತಾನೂ ಕಲಿತವಳು. ಅಂಗೈ ಬೊಬ್ಬೆ ಬಂದು ಗಟ್ಟಿಯಾಗಿತ್ತು. ಬರೆದು ಮುಗಿಯುವ ಹೊತ್ತಿಗೆ ಅವಳ ಗೈಡ್ ಮೇಷ್ಟ್ರಿಗೆ ಬುದ್ಧಿ ಓಡಿತು. ಹುಡುಗಿಯ ಥೀಸಿಸ್ಸಿನ ಸಾರಾಂಶವನ್ನು ಮಾತಿನಮಲ್ಲನಿಗೆ ಹಾಕಿ, ಇಂಥ ಕೆಲಸ ಯಾರಾದರೂ ಆಗಲೇ ಮಾಡಿದ್ದಾರಾ ಅಂತ ಕೇಳಿದರು. ಅದು ಏನಂದಿತು ಗೊತ್ತಾ? ಮಾಡಿದ್ದಾರೆ, ನಿಮ್ಮ ಲೈಬ್ರರಿಯ ಮೂರನೇ ಮಹಡಿಯಲ್ಲೇ ಇದೆ, 'ಹಗ್ಗ ಹೊಸೆಯುವ ಕಲೆ: ಒಂದು ಅಧ್ಯಯನ' ಅಂದಿತು. ಒಳಗಿನ ಐದು ಅಧ್ಯಾಯಗಳಲ್ಲಿ ಏನೇನಿದೆ ಅಂತಲೂ ಹೇಳಿತು. ಅವು ಹುಡುಗಿಯ ಐದು ಅಧ್ಯಾಯಗಳ ಅಚ್ಚುಪಡಿಯಂತಿದ್ದವು.

"ಆಗಿಹೋದ ಕೆಲಸವನ್ನೇ ಮಾಡಿದ್ದೀಯಮ್ಮ" ಅಂದರಂತೆ ಮೇಷ್ಟ್ರು. "ಆ ಪುಸ್ತಕ ತಂದು ನಿನ್ನದು ಬೇರೆ ಅಂತ ತೋರಿಸು. ಇಲ್ಲ, ವಿಷಯ ಬದಲಾಯಿಸು. ತಿಂಗಳ ಕೊನೆವರೆಗೆ ಟೈಮು."

ಹುಡುಗಿ ಮೂರು ದಿನ ಮೂರನೇ ಮಹಡಿಯಲ್ಲೇ ಇದ್ದಳು. ಒಂದು ಕಪಾಟು ಬಿಡಲಿಲ್ಲ. ಯಾರಾದರೂ ತಪ್ಪು ಜಾಗದಲ್ಲಿ ಇಟ್ಟಿರಬಹುದು ಅಂತ ಅಡುಗೆ ಪುಸ್ತಕಗಳ ಹಿಂದೂ ಕೈ ಹಾಕಿ ನೋಡಿದಳು. ಮೂರನೇ ದಿನ ಸಂಜೆ ಅತ್ತಿಗೆಯ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದಳು: 'ಈ ಪುಸ್ತಕ ಇಲ್ಲ. ಇರಬೇಕಾದ ನಂಬರಿನ ಎರಡು ಪುಸ್ತಕಗಳ ನಡುವೆ ಸಂದೂ ಇಲ್ಲ, ಧೂಳಿನ ಗುರುತೂ ಇಲ್ಲ. ಇಲ್ಲಿ ಯಾವತ್ತಾದರೂ ಈ ಪುಸ್ತಕ ಇತ್ತೇ ಅಂತ ನನಗೇ ಅನುಮಾನ.'

ಆ ದಿನ ಮನೆಗೆ ಹೋಗುವಾಗ ಅತ್ತಿಗೆ ಸ್ಕೂಟರಿನ ಮೇಲೆ ಒಂದು ಮಾತೂ ಆಡಲಿಲ್ಲ. ಅಡ್ಡ ಬಂದ ಸೈಕಲ್ಲಿನವನಿಗೂ ಬೈಯಲಿಲ್ಲ. ಅತ್ತಿಗೆ ಬೈದರೆ ನನಗೆ ಬೇಜಾರು, ಬೈಯದಿದ್ದರೆ ಭಯ.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನೆಲಮಾಳಿಗೆಗೆ ಇಳಿದು ಬಂದರು. ಡಬ್ಬಿ ತೆಗೆಯಲಿಲ್ಲ. ಅಂಟಿನ ಪಾತ್ರೆಯ ಪಕ್ಕದ ಸ್ಟೂಲಿನ ಮೇಲೆ ಕೂತು, "ಆ ಹಗ್ಗದ ಪುಸ್ತಕ ಇದೆಯಲ್ಲ, ಅದು ಇಲ್ಲ" ಅಂದರು.

"ಕಳೆದುಹೋಯ್ತಾ?" ಅಂದೆ.

"ಕಳೆಯೋಕೆ ಇರಬೇಕಲ್ಲ. ಅದನ್ನ ಹುಟ್ಟಿಸಿದ್ದು ನಾನೇ."

ಆಮೇಲೆ ಎಲ್ಲ ಹೇಳಿದರು. ನಮ್ಮಲ್ಲಿ ವರ್ಷಕ್ಕೊಂದು ವಾರ ಬಾಗಿಲು ಹಾಕಿ ಸ್ಟಾಕ್ ಚೆಕ್ ಮಾಡುತ್ತೇವೆ. ಒಬ್ಬರ ಮಹಡಿಯನ್ನು ಇನ್ನೊಬ್ಬರು ನೋಡಬೇಕು, ತಮ್ಮದನ್ನು ತಾವೇ ನೋಡುವ ಹಾಗಿಲ್ಲ. ಕಪಾಟಿನ ಮುಂದೆ ನಿಂತು, ಪುಸ್ತಕ ಮುಟ್ಟಿ, ರಿಜಿಸ್ಟರಿನಲ್ಲಿ ರೈಟ್ ಮಾರ್ಕ್ ಹಾಕಿ, ಪುಟದ ಕೊನೆಗೆ ಸಹಿ ಮಾಡಬೇಕು ಅಂತ ನಿಯಮ. ನಡೆಯುವುದೇ ಬೇರೆ. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಪೆನ್ನು, ಪುಟಗಟ್ಟಲೆ ರೈಟು. ಅತ್ತಿಗೆಗೆ ಇದನ್ನು ನೋಡಿ ಮೈ ಉರಿಯಿತು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು, ಬಿಸಿರಕ್ತ. ಕಳ್ಳರನ್ನು ಹಿಡಿಯಲು ಒಂದು ಬೋನು ಇಟ್ಟರು. ಆಗ ಇನ್ನೂ ಕಾರ್ಡಿನ ಕಾಲ. ಒಂದೊಂದು ಪುಸ್ತಕಕ್ಕೆ ಒಂದೊಂದು ಕಾರ್ಡು. ಇಲ್ಲದ ಒಂದು ಪುಸ್ತಕಕ್ಕೆ ಕಾರ್ಡ್ ಬರೆದು, ಅದನ್ನು ರಿಜಿಸ್ಟರಿಗೂ ಸೇರಿಸಿದರು. ಯಾರೂ ಜನ್ಮದಲ್ಲಿ ಕೇಳದ ವಿಷಯ ಇರಲಿ ಅಂತ ಹಗ್ಗ ಅಂದರು, ಹಳೇ ಪತ್ರಿಕೆಯ ಕಟ್ಟು ಬಿಗಿದ ಹಗ್ಗ ಅಲ್ಲೇ ಕಣ್ಣೆದುರಿಗಿತ್ತಂತೆ. ಬರೆದವರ ಜಾಗದಲ್ಲಿ ತಮಗೆ ಮೂರನೇ ಕ್ಲಾಸಿನಲ್ಲಿ ಬೆತ್ತದ ರುಚಿ ತೋರಿಸಿದ ಮೇಷ್ಟ್ರ ಹೆಸರು ಹಾಕಿದರು. ಕಪಾಟಿಗೆ ಹೋಗಿ ನೋಡಿದವರು ಬಂದು 'ಈ ಪುಸ್ತಕ ಇಲ್ಲ' ಅನ್ನಲೇಬೇಕು. ಅವತ್ತೇ ಕಾರ್ಡ್ ಹರಿದು ಹಾಕೋಣ ಅಂದುಕೊಂಡಿದ್ದರು.

"ಯಾರೂ ಹೇಳಲಿಲ್ಲ ಕಣಯ್ಯ. ಇಪ್ಪತ್ತೇಳು ವರ್ಷ. ಇಪ್ಪತ್ತೇಳು ರೈಟು."

ಮೊದಲನೇ ವರ್ಷ ನಗು ಬಂತಂತೆ. ಹೇಳಿದರೆ ಹೊಸದಾಗಿ ಸೇರಿದ ಹುಡುಗನ ಕೆಲಸ ಹೋಗುತ್ತೆ ಅಂತ ಸುಮ್ಮನಾದರು. ಆಮೇಲೆ ಮುಂದಿನ ವರ್ಷ ಯಾರಾದರೂ ಹಿಡಿಯುತ್ತಾರೆ ಅಂತ ಕಾದರು. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಮ್ಮಮ್ಮ ಆಸ್ಪತ್ರೆಯಲ್ಲಿದ್ದರು, ಅತ್ತಿಗೆ ರಜೆ. ವಾಪಸ್ ಬರುವಷ್ಟರಲ್ಲಿ ಅದೂ ಏರಿಬಿಟ್ಟಿತ್ತು. ಆಗಲೂ ಬಾಯಿ ಬಿಡಲಿಲ್ಲ. ಈಗ ಮಾತಿನಮಲ್ಲ ಅದನ್ನು ಕಂಪ್ಯೂಟರಿನಿಂದ ಹೆಕ್ಕಿ ತೆಗೆದು, ಹುಡುಗಿಯದೇ ಸಾರಾಂಶವನ್ನು ಅದರ ಹೊಟ್ಟೆಗೆ ತುಂಬಿ ಕೊಟ್ಟಿತ್ತು.

"ಕಳೆದುಹೋಗಿದೆ ಅಂತ ಬರೆದುಬಿಡಿ ಅತ್ತಿಗೆ" ಅಂದೆ.

"ಆಗ ನನ್ನ ಮಹಡಿಯಿಂದ ಒಂದು ಪುಸ್ತಕ ಹೋಯ್ತು ಅಂತಾಗುತ್ತೆ, ಅದು ಹಾಳಾಗಲಿ. ಆ ಹುಡುಗಿಗೆ ಏನಾಯ್ತು? ಕಳೆದಿದ್ದರೂ ಪುಸ್ತಕ ಇತ್ತು ಅಂತಲೇ ಆಗುತ್ತಲ್ಲ. ಅವಳ ಕೆಲಸ ಮಣ್ಣುಪಾಲು."

"ಹಾಗಾದರೆ ಇರಲೇ ಇಲ್ಲ ಅನ್ನಿ."

"ಅಂದರೆ ನಾನು ಸುಳ್ಳು ಕಾರ್ಡ್ ಬರೆದವಳು. ಮೂವತ್ತೊಂದು ವರ್ಷ ಮಾಡಿದ್ದು ಈ ಕಡೆ, ಈ ಒಂದು ಕಾರ್ಡ್ ಆ ಕಡೆ. ಜನ ಯಾವುದು ನೆನಪಿಟ್ಟುಕೊಳ್ಳುತ್ತಾರೆ ಹೇಳು?"

ನನಗೆ ಆಗ ಒಂದು ಘನವಾದ ಐಡಿಯಾ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಮೂರು ದಿನ ಕೊಡಿ. ಹಳೇ ಕಾಗದ ಇದೆ, ಹಳೇ ಬಟ್ಟೆ ಇದೆ. ಆ ಪುಸ್ತಕವನ್ನ ನಾನೇ ಬೈಂಡ್ ಮಾಡ್ತೀನಿ. ಒಳಗೆ ಬೇರೆ ಏನಾದರೂ ತುಂಬೋಣ. ಮೇಷ್ಟ್ರು ನೋಡಿ, ಹುಡುಗಿಯದು ಬೇರೆ ಅಂತ ಒಪ್ಪಿಕೊಳ್ಳಲಿ. ನನ್ನ ಕೈಕೆಲಸ ನೋಡಿದರೆ ಯಾರಪ್ಪನಿಗೂ ಗೊತ್ತಾಗಲ್ಲ."

ಅತ್ತಿಗೆ ನನ್ನನ್ನೇ ದಿಟ್ಟಿಸಿದರು. ನಿಧಾನವಾಗಿ ತುಟಿ ಒಂದು ಪಕ್ಕಕ್ಕೆ ಹೋಯಿತು. ಅದು ನನಗೆ ಗೊತ್ತಿರುವ ಅಪಾಯ.

"ನೀನು ಅದನ್ನ ಆಗಲೇ ಬೈಂಡ್ ಮಾಡಿ ಆಗಿದೆಯಲ್ಲಯ್ಯ" ಅಂದರು.

"ಯಾವಾಗ?"

"ಹದಿನಾಲ್ಕು ವರ್ಷದ ಹಿಂದೆ. ಆ ವರ್ಷ ಚೆಕ್ ಮಾಡಿದ ಪುಣ್ಯಾತ್ಮ ಬರೀ ರೈಟ್ ಹಾಕಿದ್ದು ಸಾಲದು ಅಂತ, 'ಬೈಂಡಿಂಗ್ ಸಡಿಲ, ದುರಸ್ತಿ ಆಗಬೇಕು' ಅಂತಲೂ ಬರೆದ. ಕೆಳಗೆ ಕಳಿಸಿದ ನಲವತ್ತು ಪುಸ್ತಕದ ಪಟ್ಟಿಯಲ್ಲಿ ಅದೂ ಇತ್ತು. ನೀನು 'ನಲವತ್ತೂ ದುರಸ್ತಿ ಮಾಡಿ ಕೊಟ್ಟಿದ್ದೇನೆ' ಅಂತ ಸಹಿ ಹಾಕಿದ್ದೀಯ. ನಿನ್ನ ಕೈಕೆಲಸ ನೋಡಿ, ನಿಜವಾಗಲೂ ಯಾರಪ್ಪನಿಗೂ ಗೊತ್ತಾಗಲಿಲ್ಲ."

ಕಿಟಕಿ ಪಕ್ಕ ಟೀ ಕುಡಿದು ರೈಟ್ ಹಾಕುವವರನ್ನು ನಾನು ಇಪ್ಪತ್ತು ವರ್ಷ ಆಡಿಕೊಂಡು ನಕ್ಕಿದ್ದೇನೆ. ಆ ಹೊತ್ತು ನನ್ನ ಮುಖ ಇಂಗು ತಿಂದ ಮಂಗನ ಹಾಗಿತ್ತು ಅಂತ ಅತ್ತಿಗೆ ಈಗಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಮಾನ ಉಳಿಸಿಕೊಳ್ಳಬೇಕಲ್ಲ, ನಾನು ಫೋನ್ ತೆಗೆದು ಮಾತಿನಮಲ್ಲನ ಮೇಲೆ ಹರಿಹಾಯ್ದೆ. ಆ ಹಗ್ಗದ ಪುಸ್ತಕದಲ್ಲಿ ಹಗ್ಗ ಹೊಸೆಯುವವರ ಮೀಸೆಯ ಬಗ್ಗೆ ಏನಿದೆ ಅಂತ ಕೇಳಿದೆ. ಬಹಳ ಒಳ್ಳೆಯ ಪ್ರಶ್ನೆ ಅಂತ ಬೆನ್ನು ತಟ್ಟಿ, ಆರನೇ ಅಧ್ಯಾಯದಲ್ಲಿ ಮೀಸೆಗೂ ಕಸುಬಿಗೂ ಇರುವ ಸಂಬಂಧವನ್ನು ವಿವರವಾಗಿ ಚರ್ಚಿಸಿದ್ದಾರೆ ಅಂದಿತು. ಐದೇ ಅಧ್ಯಾಯ ಅಂದಿದ್ದೆಯಲ್ಲೋ ಅಂದರೆ, ಕ್ಷಮಿಸಿ, ಆರು ಅಂದಿತು. ಬೈಂಡರುಗಳು ಸೋಮಾರಿಗಳು ಅಂತ ಬರೆದಿದ್ದಾರಂತೆ ಹೌದಾ ಅಂತ ಅತ್ತಿಗೆ ಫೋನ್ ಕಿತ್ತುಕೊಂಡು ಕೇಳಿದರು. ಹೌದು, ಏಳನೇ ಅಧ್ಯಾಯ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ನಕ್ಕು ಅತ್ತಿಗೆಯ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ. ಅವರು ಅತ್ತಿದ್ದನ್ನು ನಾನು ನೋಡಿದ್ದು ಅಮ್ಮ ಹೋದಾಗ ಒಮ್ಮೆ, ಅವತ್ತು ಒಮ್ಮೆ.

"ಇದಕ್ಕೆ ಬೈದು ಏನು ಬಂತು" ಅಂದರು ಮುಖ ಒರೆಸಿಕೊಂಡು. "ಇದು ನೋಡದೆ ಹೌದು ಅಂತು. ನಾವೂ ನೋಡದೆ ಹೌದು ಅಂದವರೇ. ಇದಕ್ಕೆ ಸಹಿ ಮಾಡೋಕೆ ಬರಲ್ಲ ಅನ್ನೋದೊಂದೇ ವ್ಯತ್ಯಾಸ."

ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ದೊಡ್ಡ ಸಾಹೇಬರ ಕೋಣೆಯಲ್ಲಿ ಸೇರಿದೆವು. ಲೈಬ್ರರಿಯ ಮುಖ್ಯಸ್ಥರನ್ನು ನಾವು ದೊಡ್ಡ ಸಾಹೇಬರು ಅನ್ನುತ್ತೇವೆ. ಗೈಡ್ ಮೇಷ್ಟ್ರು ಬಂದಿದ್ದರು, ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ನಾನು ರಿಜಿಸ್ಟರುಗಳನ್ನು ಹೊರಲು ಹೋದವನು, ಹೊತ್ತು ಮುಗಿದರೂ ಹೊರಡಲಿಲ್ಲ. ಹುಡುಗಿ ತನ್ನ ಚೀಟಿಯಲ್ಲಿದ್ದುದನ್ನೇ ಬಾಯಲ್ಲಿ ಹೇಳಿದಳು. ನಾನು ಮಧ್ಯೆ ಬಾಯಿ ಹಾಕಿ ಮೀಸೆಯ ಅಧ್ಯಾಯದ ಕತೆ ಹೇಳಿದೆ. ಮೇಷ್ಟ್ರು ಮಿಸುಕಲಿಲ್ಲ.

"ಯಂತ್ರ ಒಳಗಿನದ್ದನ್ನ ತಪ್ಪು ಹೇಳಿರಬಹುದು ಸಾರ್. ಪುಸ್ತಕವೇ ಇಲ್ಲ ಅಂದರೆ ಹೇಗೆ? ನಿಮ್ಮದೇ ಲೈಬ್ರರಿಯವರು ವರ್ಷ ವರ್ಷ ಕಣ್ಣಾರೆ ನೋಡಿ ಸಹಿ ಮಾಡಿದ್ದಾರಲ್ಲ."

ದೊಡ್ಡ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. "ಖಂಡಿತ. ನಮ್ಮ ಸ್ಟಾಕ್ ಚೆಕ್ಕಿನ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ರಿಜಿಸ್ಟರಿನಲ್ಲಿ ಇದೆ ಅಂದರೆ ಇದೆ. ಎಲ್ಲೋ ತಪ್ಪಿಹೋಗಿದೆ. ಆ ಮಹಡಿಯವರ ಹೆಸರಿಗೆ 'ಕಳೆದಿದೆ' ಅಂತ ಬರೆಯೋಣ, ಅಷ್ಟೇ."

ಹುಡುಗಿ ತಲೆ ತಗ್ಗಿಸಿದಳು. ಗಟ್ಟಿಯಾದ ಎರಡು ಅಂಗೈಗಳನ್ನೂ ಒಂದಕ್ಕೊಂದು ಒತ್ತಿ ಹಿಡಿದಿದ್ದಳು. ಅತ್ತಿಗೆ ಅದನ್ನು ನೋಡಿದರು.

"ಕಳೆದಿಲ್ಲ ಸಾರ್" ಅಂದರು. "ಇರಲೇ ಇಲ್ಲ. ಆ ಕಾರ್ಡ್ ಬರೆದವಳು ನಾನು. ನೋಡದೆ ರೈಟ್ ಹಾಕೋರನ್ನ ಹಿಡಿಯೋಕೆ ಬರೆದೆ. ಯಾರೂ ಸಿಕ್ಕಿಬೀಳಲಿಲ್ಲ, ಅಂದರೆ ಎಲ್ಲರೂ ಸಿಕ್ಕಿಬಿದ್ದರು. ಮೊದಲನೇ ವರ್ಷವೇ ಹೇಳಬೇಕಿತ್ತು. ಹೇಳದೆ ಬಚ್ಚಿಟ್ಟಿದ್ದು ನನ್ನ ತಪ್ಪು. ಅದಕ್ಕೆ ಏನು ಬರೀತೀರೋ ನನ್ನ ಹೆಸರಿಗೆ ಬರೀರಿ. ಈ ಹುಡುಗಿ ಕೆಲಸಕ್ಕೆ ಮಾತ್ರ ಕಲ್ಲು ಹಾಕಬೇಡಿ."

ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ. "ಏನ್ರೀ ಇದು! ಇಪ್ಪತ್ತೇಳು ವರ್ಷ ಇಲಾಖೆಗೆ ಮೋಸ! ಯಾರ್ರೀ ಆ ನೋಡದೆ ರೈಟ್ ಹಾಕಿದ ಮಹಾನುಭಾವರು? ಒಬ್ಬೊಬ್ಬರ ಹೆಸರೂ ಬೇಕು ನನಗೆ. ಮೊದಲನೆಯವನಿಂದ ಶುರು ಮಾಡಿ!"

"ಬೇಡ ಸಾರ್" ಅಂದರು ಅತ್ತಿಗೆ.

"ಬೇಕು!"

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಅತ್ಯಂತ ಹಳೆಯ ರಿಜಿಸ್ಟರನ್ನು ಅತ್ಯಂತ ವಿನಯದಿಂದ ಸಾಹೇಬರ ಮುಂದೆ ಬಿಚ್ಚಿಟ್ಟೆ. ಹಗ್ಗದ ಪುಸ್ತಕದ ಎದುರಿಗೆ ದಪ್ಪನೆಯ ರೈಟು. ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ: 'ಕಂಡಿದೆ. ಸ್ಥಿತಿ ಉತ್ತಮ.' ಕೆಳಗೆ ಸಹಿ. ಮುಂದಿನ ಮೂರು ವರ್ಷವೂ ಅದೇ ಸಹಿ.

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಸಹಿ ಬದಲಾಗಿರಲಿಲ್ಲ.

"ನಾನು ಕೆಲಸಕ್ಕೆ ಸೇರಿ ಹನ್ನೊಂದು ದಿನ ಆಗಿತ್ತು ಅಕ್ಕ" ಅಂದರು ಕೊನೆಗೆ. ಮೂವತ್ತು ಜನರ ಮೇಲಿನ ಸಾಹೇಬರ ಬಾಯಲ್ಲಿ ಅಕ್ಕ ಅನ್ನುವ ಮಾತು ತಾನಾಗಿ ಬಂದಿತ್ತು. "ನೀವು ಅವತ್ತೇ ಹೇಳಿದ್ದರೆ ನನ್ನನ್ನ ಮನೆಗೆ ಕಳಿಸ್ತಿದ್ದರು."

"ಅದಕ್ಕೇ ಹೇಳಲಿಲ್ಲ."

ಸಾಹೇಬರು ಪೆನ್ನು ತೆಗೆದು ಗೈಡ್ ಮೇಷ್ಟ್ರ ಹೆಸರಿಗೆ ತಾವೇ ಪತ್ರ ಬರೆದರು: ಈ ಪುಸ್ತಕ ಯಾವತ್ತೂ ಇರಲಿಲ್ಲ, ನಮ್ಮ ತಪಾಸಣೆಯೇ ತಪ್ಪಾಗಿತ್ತು, ಮೊದಲು ತಪ್ಪಿದವನು ನಾನು. ಅತ್ತಿಗೆಯ ಹೆಸರು ಬಿಟ್ಟಿದ್ದರು. ಅತ್ತಿಗೆ ಪತ್ರ ಓದಿ, 'ಸುಳ್ಳು ಕಾರ್ಡ್ ಬರೆದವರು' ಅಂತ ತಮ್ಮ ಹೆಸರನ್ನು ತಾವೇ ಸೇರಿಸಿ ವಾಪಸ್ ಕೊಟ್ಟರು. ಮೇಷ್ಟ್ರು ಆ ಪತ್ರವನ್ನು ಎರಡು ಸಲ ಓದಿ, ಹುಡುಗಿಗೆ "ಸೋಮವಾರ ಥೀಸಿಸ್ ತಗೊಂಡು ಬಾರಮ್ಮ" ಅಂದು, ನಮ್ಮ ಯಾರ ಮುಖವನ್ನೂ ನೋಡದೆ ಹೋದರು. ಪತ್ರದ ಒಂದು ಪ್ರತಿ ಅತ್ತಿಗೆಯ ಫೈಲಿಗೂ ಸೇರಿತು. ಮೂವತ್ತೊಂದು ವರ್ಷದ ಫೈಲಿನಲ್ಲಿ ಕಪ್ಪು ಚುಕ್ಕೆ ಅಂತ ಇದ್ದರೆ ಅದೊಂದೇ, ಅದೂ ಕೊನೆಯ ಹಾಳೆಯಲ್ಲಿ. ನನ್ನ ನಲವತ್ತು ಪುಸ್ತಕದ ವಿಷಯ ಅತ್ತಿಗೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತೆ ಅಂತ ನಾನೂ ಎತ್ತಲಿಲ್ಲ. ಇಲ್ಲಿ ಬರೆದಿದ್ದೇನಲ್ಲ, ಸಾಕು.

ಅತ್ತಿಗೆಯ ಕೊನೆಯ ದಿನ ಬೀಳ್ಕೊಡುಗೆ ಭಾಷಣದಲ್ಲಿ 'ಒಂದೂ ಪುಸ್ತಕ ಕಳೆಯದವರು' ಅನ್ನುವ ಸಾಲನ್ನು ಸಾಹೇಬರು ಸ್ವಲ್ಪ ತಡವರಿಸಿದರೂ ಬಿಡದೆ ಓದಿದರು. ನಿಜವೇ ತಾನೇ, ಒಂದೂ ಕಳೆದಿರಲಿಲ್ಲ. ಮುಗಿದ ಮೇಲೆ ಅತ್ತಿಗೆ ಮೇಜು ಖಾಲಿ ಮಾಡಲು ಮೂರನೇ ಮಹಡಿಗೆ ಹೋದರು, ಚೀಲ ಹಿಡಿಯಲು ಹಿಂದೆ ನಾನು. ಹುಡುಗಿ ಅಲ್ಲಿ ಕಾಯುತ್ತಿದ್ದಳು. ಥೀಸಿಸ್ ಒಪ್ಪಿಸಿ ಬಂದಿದ್ದಳು. ಏನು ಹೇಳಬೇಕು ಅಂತ ಗೊತ್ತಾಗದೆ ಬಾಗಿಲ ಚಿಲಕವನ್ನು ಹಾಕುತ್ತಾ ತೆಗೆಯುತ್ತಾ ನಿಂತಿದ್ದಳು.

ಅತ್ತಿಗೆ ಕೆಳಗಿನ ಡ್ರಾಯರ್ ಎಳೆದು, ತಳದಿಂದ ಉದ್ದನೆಯ ಒಂದು ಪೆಟ್ಟಿಗೆ ತೆಗೆದರು. ಒಳಗೆ ಇಂಕ್ ಪೆನ್ನು, ಒಮ್ಮೆಯೂ ಬಳಸದ್ದು. ಸುತ್ತ ಸುತ್ತಿದ್ದ ಕಾಗದ ಹಳದಿಯಾಗಿತ್ತು. ಈ ಪೆನ್ನಿನ ಸಂಗತಿ ನನಗೂ ಗೊತ್ತಿರಲಿಲ್ಲ. ಹುಡುಗಿ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದಳು: "ಕಪಾಟಿಗೆ ಹೋಗಿ ನೋಡಿ, ಈ ಪುಸ್ತಕ ಇಲ್ಲ ಅಂತ ಮೊದಲು ಬಂದು ಹೇಳಿದವರಿಗೆ ಬಹುಮಾನ." ಕೆಳಗೆ ತಾರೀಖು ಇತ್ತು, ಇಪ್ಪತ್ತೇಳು ವರ್ಷ ಹಳೆಯದು.

ಹುಡುಗಿ ಕಪಾಟು ಹತ್ತುವ ಸಣ್ಣ ಏಣಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.

"ಸುಮ್ಮನಿರೇ" ಅಂದರು ಅತ್ತಿಗೆ, ಅವಳ ತಲೆ ಸವರುತ್ತಾ. "ಎಷ್ಟು ಕಾಯಿಸಿದೆ ನನ್ನ. ಇನ್ನೊಂದು ಸ್ವಲ್ಪ ಬೇಗ ಬರೋಕೆ ಏನಾಗಿತ್ತು ನಿನಗೆ?"

"ಹುಟ್ಟಬೇಕಿತ್ತಲ್ಲ ಅಕ್ಕ" ಅಂದಳು ಅವಳು. ಅವಳಿಗೆ ಇಪ್ಪತ್ತಾರು ವರ್ಷ.